ಆರನೇ ನಿಮಿಷದ ಒಂಬತ್ತು

ಮೊದಲ ವರ್ಷದ ಗಣಿತವನ್ನು ಕಾಲೇಜು ಈ ಸಲ ಹೊಸದಾಗಿ ರೂಪಿಸಿತ್ತು. ತರಗತಿಯ ಬದಲು ಗಣಿತದ ಮೇಷ್ಟ್ರ ಪಾಠದ ವಿಡಿಯೊ, ಆಮೇಲೆ ಕಂಪ್ಯೂಟರಿನಲ್ಲಿ ಅಭ್ಯಾಸ. ಯಾರು ಎಲ್ಲಿ ಹಿಂದಕ್ಕೆ ಸರಿಸಿ ಮತ್ತೆ ನೋಡಿದರು ಎಂಬುದೂ ದಾಖಲಾಗುತ್ತಿತ್ತು.

ಮೇಷ್ಟ್ರಿಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಅವರ ಮಗಳೇ ಈ ವಿಷಯದಲ್ಲಿ ಎರಡು ಸಲ ಫೇಲಾಗಿದ್ದಳು. ಇವತ್ತು ಮಧ್ಯಾಹ್ನ ಎರಡಕ್ಕೆ ಮರುಪರೀಕ್ಷೆ, ಕೊನೆಯ ಅವಕಾಶ. ಇದೂ ಹೋದರೆ ಕಾಲೇಜು ಬಿಡಬೇಕು. ಅವಳು ಪಾಠ ನೋಡಿಯೇ ಇಲ್ಲ ಎಂದು ಖಚಿತಪಡಿಸಿಕೊಳ್ಳಲು ಅವರು ಲ್ಯಾಬಿಗೆ ಬಂದಿದ್ದರು.

"ನೋಡಿಲ್ಲ ಅಂದ್ರಲ್ಲ ಸರ್," ಲ್ಯಾಬಿನ ಮೇಡಂ ಪರದೆ ತೋರಿಸಿದರು. "ಒಂದೇ ಜಾಗಾನ ಅರವತ್ತೊಂದು ಸಲ ನೋಡಿದ್ದಾಳೆ. ಅವಳೊಬ್ಬಳೇ ಅಲ್ಲ, ಇನ್ನೂರ ಹನ್ನೆರಡು ಜನರಲ್ಲಿ ನೂರ ಎಂಬತ್ತನಾಲ್ಕು ಮಂದಿ ಆರನೇ ನಿಮಿಷಕ್ಕೇ ಎಡವಿದ್ದಾರೆ. ರಸ್ತೇಲಿ ಗುಂಡಿ ಇದ್ದ ಹಾಗೆ."

"ಹಾಕಿ, ನೋಡೋಣ."

ವಿಡಿಯೊದಲ್ಲಿ ಮೇಷ್ಟ್ರು x² + 6x = 7 ಎಂದು ಬರೆದರು. "ಈಗ ಎರಡೂ ಕಡೆ ಒಂಬತ್ತು ಕೂಡಿಸ್ತೀವಿ. ಇದು ಎಲ್ಲರಿಗೂ ಗೊತ್ತಿರೋದೇ," ಎಂದು ಮುಂದಿನ ಸಾಲಿಗೆ ಹೋದರು.

ಒಂಬತ್ತು ಎಲ್ಲಿಂದ ಬಂತೆಂದು ಹೇಳಲೇ ಇಲ್ಲ.

ನೋಡುತ್ತಿದ್ದ ಮೇಷ್ಟ್ರು ತಾವೇ ವಿಡಿಯೊ ಹಿಂದಕ್ಕೆ ಸರಿಸಿ ಮತ್ತೆ ನೋಡಿದರು. ಇಪ್ಪತ್ತೆರಡು ವರ್ಷ ಈ ಪಾಠವನ್ನು ಇದೇ ಮಾತಿನಲ್ಲಿ ಮಾಡಿದ್ದರು. ಫೇಲಾದವರನ್ನು ದಡ್ಡರು ಎಂದಿದ್ದರು.

ಮಗಳು ವರಾಂಡದ ಬೆಂಚಿನಲ್ಲಿ ಪುಸ್ತಕ ಹಿಡಿದು ಕೂತಿದ್ದಳು. ಮೇಷ್ಟ್ರು ಅವಳನ್ನು ಪಕ್ಕದ ಖಾಲಿ ಕೋಣೆಗೆ ಕರೆದೊಯ್ದು ಬೋರ್ಡಿನ ಮೇಲೆ ಅದೇ ಲೆಕ್ಕ ಬರೆದರು.

"x ಜೊತೆ ಇರೋದು ಆರು. ಅದರಲ್ಲಿ ಅರ್ಧ ಮೂರು. ಮೂರರ ವರ್ಗ ಒಂಬತ್ತು. ಅದನ್ನ ಕೂಡಿಸಿದ್ರೆ ಎಡಗಡೆ ಪೂರ್ಣ ವರ್ಗ ಆಗುತ್ತೆ."

"ಇಷ್ಟೇನಾ?"

"ಇಷ್ಟೇ. ಒಂದು ಮಾತು ಕೇಳಬಾರದಿತ್ತಾ ನನ್ನ?"

"ಕೇಳಿದ್ದೆ ಅಪ್ಪ. ಹೋದ ವರ್ಷ, ಊಟಕ್ಕೆ ಕೂತಾಗ. ‘ಅದೂ ಗೊತ್ತಿಲ್ವಾ, ತಲೇಲಿ ಏನು ಮಣ್ಣು ತುಂಬಿದೆಯಾ’ ಅಂದ್ರಿ. ಅಮ್ಮನೂ ನಕ್ಕಳು."

ಮೇಷ್ಟ್ರು ನೆನಪಿಸಿಕೊಳ್ಳಲು ನೋಡಿದರು. ಅಂಥದ್ದೊಂದು ಊಟ ನೆನಪಿಗೆ ಬರಲಿಲ್ಲ.

ಮಗಳು ಅವರ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು x² + 10x = 11 ಎಂದು ತಾನೇ ಒಂದು ಲೆಕ್ಕ ಹಾಕಿಕೊಂಡಳು. ಎರಡೂ ಕಡೆ ಇಪ್ಪತ್ತೈದು ಕೂಡಿಸಿದಳು. ಒಂದು ಉತ್ತರ 1, ಇನ್ನೊಂದು -11.

"ಸರಿ ಇದೆಯಾ?"

ಅವರು ಸರಿಯೆಂದು ತಲೆಯಾಡಿಸಿದರು. ಒಂದೂ ಐವತ್ತಕ್ಕೆ ಪರೀಕ್ಷೆಯ ಗಂಟೆ ಹೊಡೆಯಿತು. ಮೇಷ್ಟ್ರು ಬೋರ್ಡಿನ ಪಕ್ಕದ ಬಾಗಿಲಿಗೆ ಅಡ್ಡವಾಗಿ ನಿಂತೇ ಇದ್ದರು.

"ದಾರಿ ಬಿಡಿ ಅಪ್ಪ," ಅಂದಳು ಮಗಳು. "ಹೊತ್ತಾಯ್ತು."