ಒಂಬತ್ತನೆಯ ಸಾಲಿನಲ್ಲಿ ಚಾಚಿದ ಕೈ

ತೆಗೆದುಬಿಡಲೇ? ಇನ್ನೂ ಯಾರೂ ನೋಡಿರಲಿಕ್ಕಿಲ್ಲ. ಈಗ ತೆಗೆದರೆ ಕಳಿಸಿಯೇ ಇಲ್ಲ ಎಂದಾಗುತ್ತದೆ. ಮೂವತ್ತೊಂದು ಸಾಲು ಜಾಸ್ತಿಯಾಯಿತೇನೋ. ಕೊನೆಯಲ್ಲಿ ಆಸ್ಪತ್ರೆಯ ಸಂಗತಿ ಬರುತ್ತದಲ್ಲ, ಅದು ಓದುವವರನ್ನು ಅಳಿಸುವುದಕ್ಕೆಂದೇ ಬರೆದ ಹಾಗೆ ಕಾಣುತ್ತದೇನೋ. ಅಥವಾ ಯಾರಿಗೂ ಏನೂ ಕಾಣದೇ ಹೋಗಬಹುದು, ಹಿಂದಿನ ನಾಲ್ಕೂ ಕವಿತೆಗಳ ಹಾಗೆ.

ನೆಕ್ತಾರಿಯ ಕೈಗಳಿಗೆ ಮೊಣಕೈವರೆಗೆ ರಬ್ಬರ್ ಗವಸು. ಮುಂದೆ ಬೆಲ್ಟಿನ ಮೇಲೆ ಸಿಂಪಿಗಳು ಬರುತ್ತಲೇ ಇದ್ದವು. ಸಣ್ಣದು ಎಡಕ್ಕೆ, ದೊಡ್ಡದು ಬಲಕ್ಕೆ. ಮಧ್ಯಾಹ್ನದ ಹೊತ್ತಿಗೆ ಅಡಿಲೇಡಿನ ಲಾರಿ ಹೊರಡಬೇಕು. ಫೋನು ಎದೆಯ ಜೇಬಿನಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ, ನಡುಗುತ್ತಿತ್ತು. ಒಮ್ಮೆ. ಮತ್ತೊಮ್ಮೆ. ಆಮೇಲೆ ಬಿಟ್ಟೂ ಬಿಡದೆ.

"ಎದೆ ಹೊಡ್ಕೊಳ್ತಿದೆಯೇನೋ ನಿಂದು?" ಎದುರು ನಿಂತಿದ್ದ ಡೂಗಲ್ ಕೇಳಿದ. ದಕ್ಷಿಣ ಆಸ್ಟ್ರೇಲಿಯಾದ ಸ್ಮೋಕಿ ಬೇಯ ಈ ಸಿಂಪಿ ಶೆಡ್ಡಿನಲ್ಲಿ ಅವನದು ಇಪ್ಪತ್ತಾರನೇ ವರ್ಷ. ನೆಕ್ತಾರಿಯ ಅಪ್ಪನ ಜೊತೆಗೂ ಕೆಲಸ ಮಾಡಿದವನು.

"ಫೋನು."

"ಹುಡುಗಿಯೋ, ಕವಿತೆಯೋ?"

"ಕವಿತೆ."

"ಥೂ, ಹುಡುಗಿ ಅಂದಿದ್ರೆ ಖುಷಿ ಪಡ್ತಿದ್ದೆ ಮಾರಾಯ. ದೊಡ್ಡದನ್ನ ಎಡಕ್ಕೆ ಹಾಕ್ತಿದೀಯ ನೋಡು."

'ಉಪ್ಪುಗಾಳಿ' ಎಂಬ, ಫೋನಿನಲ್ಲೇ ನಡೆಯುವ ಕವಿತೆಯ ಗುಂಪಿಗೆ ನೆಕ್ತಾರಿ ಸೇರಿ ಎರಡು ವರ್ಷವಾಗಿತ್ತು. ದ್ವೀಪಗಳಿಂದ, ಕಡಲ ದಡದ ಊರುಗಳಿಂದ ನಲವತ್ತೊಂದು ಜನ. ಒಬ್ಬರದೂ ಪುಸ್ತಕ ಬಂದಿಲ್ಲ. ಗುಂಪಿನಲ್ಲಿ ಒಂದೇ ಕಟ್ಟುಪಾಡು: ಚೆನ್ನಾಗಿದೆ, ಸೊಗಸಾಗಿದೆ ಎಂದು ಬರೆಯುವ ಹಾಗಿಲ್ಲ. ಮೆಚ್ಚುಗೆಯ ಹೆಬ್ಬೆರಳಿನ ಗುರುತು ಒತ್ತುವ ಹಾಗೂ ಇಲ್ಲ. ಇಷ್ಟವಾದ ಸಾಲನ್ನು ಪೆನ್ನು ಹಿಡಿದು ಕೈಯಾರೆ ನಕಲು ಮಾಡಬೇಕು, ಕೈಗೆ ಸಿಕ್ಕ ಯಾವುದಾದರೂ ಸರಿ, ಅದರ ಮೇಲೆ. ಅದರ ಫೋಟೋ ಹಾಕಬೇಕು. ಗುಂಪು ಕಟ್ಟಿದ ನೈರಿ ಆಂಟಿ ನ್ಯೂಜಿಲೆಂಡಿನ ಇನ್ವರ್‌ಕಾರ್ಗಿಲ್‌ನಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿದವರು. "ಬೆರಳಿಗೆ ನೋವಾಗ್ಲಿ. ಆಗ್ಲೇ ಗೊತ್ತಾಗೋದು ಸಾಲು ಇಷ್ಟ ಆಯ್ತೋ ಇಲ್ವೋ ಅಂತ," ಎನ್ನುತ್ತಿದ್ದರು.

ನೆಕ್ತಾರಿಯ ನಾಲ್ಕು ಕವಿತೆಗಳಿಗೂ ಬಂದದ್ದು ತಲಾ ಎರಡೇ ನಕಲು. ಒಂದು ನೈರಿ ಆಂಟಿಯದು, ಒಂದು ಫಿಜಿಯ ಲಂಬಾಸಾದಲ್ಲಿ ನರ್ಸ್ ಆಗಿರುವ ಲೊಸಲಿನಿಯದು. ಆಂಟಿ ಎಲ್ಲರಿಗೂ ಬರೆಯುತ್ತಿದ್ದರು. ಲೊಸಲಿನಿ ಗೆಳತಿ, ಬರೆಯದೆ ಇರುತ್ತಾಳೆಯೇ? ಹೀಗೆ ಲೆಕ್ಕ ಹಾಕಿದರೆ ಉಳಿಯುವುದು ಸೊನ್ನೆ. ಹಿಂದಿನ ದಿನ ಅವನು ಒಂದು ತೀರ್ಮಾನಕ್ಕೆ ಬಂದಿದ್ದ: ಇದೂ ಎರಡಕ್ಕೇ ನಿಂತರೆ ಗುಂಪು ಬಿಡುವುದು, ಬರೆಯುವುದನ್ನೂ ಬಿಡುವುದು. ಸದ್ದಿಲ್ಲದೆ, ಯಾರಿಗೂ ಹೇಳದೆ. ಹೇಳಿ ಹೋಗುವುದೆಂದರೆ ತಡೆಯಿರಿ ಎಂದು ಬೇಡಿದ ಹಾಗೆ.

ಇವತ್ತೇ ಕಳಿಸುವುದಕ್ಕೂ ಕಾರಣವಿತ್ತು. ಜುಲೈ ತಿಂಗಳ ಕೊನೆಯ ಶುಕ್ರವಾರ ವರ್ಷದ ಓದು. ಎಲ್ಲರೂ ಪರದೆಯ ಮೇಲೆ ಸೇರುತ್ತಾರೆ. ಆ ವಾರ ಅತಿ ಹೆಚ್ಚು ನಕಲಾದ ಕವಿತೆಯನ್ನು ಬರೆದವರೇ ಓದಬೇಕು. ಲೆಕ್ಕ ಮುಗಿಯುವುದು ಆಂಟಿಯ ಊರಿನ ಮಧ್ಯಾಹ್ನ ಹನ್ನೆರಡಕ್ಕೆ, ಇಲ್ಲಿಯ ಒಂಬತ್ತೂವರೆಗೆ. ಗೆಲ್ಲುವ ಆಸೆಯೇನೂ ಅವನಿಗಿರಲಿಲ್ಲ. ಎಲ್ಲರೂ ಕಣ್ಣು ತೆರೆದಿರುವ ದಿನ ಒಮ್ಮೆ ಎದುರು ನಿಂತು ನೋಡಬೇಕು ಎನ್ನಿಸಿತ್ತು, ಅಷ್ಟೆ.

ಒಂಬತ್ತೂಕಾಲಿಗೆ ಬೆಲ್ಟು ನಿಂತಿತು, ಚಹಾದ ಹೊತ್ತು. ಗವಸು ಬಿಚ್ಚಿದ. ಬೆರಳು ಮರಗಟ್ಟಿದ್ದವು, ಫೋನು ಅವನ ಗುರುತು ಹಿಡಿಯಲು ಮೂರು ಸಲ ಒತ್ತಬೇಕಾಯಿತು.

ಹತ್ತೊಂಬತ್ತು.

ಅವನು ಮತ್ತೆ ನೋಡಿದ. ನೋಡುತ್ತಿರುವಾಗಲೇ ಇಪ್ಪತ್ತಾಯಿತು. ಬಂಡಾಬರ್ಗಿನ ಯಾರೋ ಹಣ್ಣಿನ ಪೆಟ್ಟಿಗೆಯ ಒಳಮೈ ಮೇಲೆ ಬರೆದಿದ್ದರು. ಟೋಂಗಾದ ಮೇಷ್ಟರು ಕರಿಹಲಗೆಯ ಮೇಲೆ, ಸೀಮೆಸುಣ್ಣದಲ್ಲಿ. ಯಾರದೋ ಅಂಗೈ ಮೇಲೆ ನೀಲಿ ಶಾಯಿ. ನೈರಿ ಆಂಟಿಯದು ಎಂದಿನಂತೆ ಹಳೆಯ ಬಸ್ ಟಿಕೆಟ್ಟಿನ ಸುರುಳಿ. ಲೊಸಲಿನಿ ಕೈಗವಸಿನ ಡಬ್ಬಿಯೊಂದನ್ನು ಬಿಚ್ಚಿ ಅಗಲ ಮಾಡಿ, ಒಂದು ಸಾಲಲ್ಲ, ಇಡೀ ಕವಿತೆಯನ್ನೇ ಬರೆದಿದ್ದಳು.

ಇಡೀ ಕವಿತೆ ಅಷ್ಟು ಚಿಕ್ಕ ರಟ್ಟಿನಲ್ಲಿ ಹಿಡಿಸಿದ್ದು ಹೇಗೆ?

ಅವನು ಹಿಗ್ಗಿಸಿ ನೋಡಿದ.

*ಮಧ್ಯಾಹ್ನದ ಇಳಿತಕ್ಕೆ ಅಪ್ಪ ಮಂಡಿಯವರೆಗೆ ನೀರಲ್ಲಿ.*
*ಬುಟ್ಟಿಯೊಂದನ್ನು ಎತ್ತಿದ, ಅಲುಗಿಸಿದ, ಕಿವಿಗೊಟ್ಟ.*
*ಒಳಗಿನ ಸಿಂಪಿಗಳು ಏನು ಹೇಳಿದವೋ.*
*ಮೊದಲನೆಯದನ್ನು ತೆರೆದು ತಾನೇ ತಿಂದ,*
*ಕಣ್ಣು ಮುಚ್ಚಿ, ಕಡಲಿಗೆ ಬೆನ್ನು ಮಾಡಿ.*
*ಬೆಳಿಗ್ಗೆ ನಾವಿಬ್ಬರೂ ಜಗಳವಾಡಿದ್ದೆವು.*
*ಎರಡನೆಯದರ ಬಾಯಿಗೆ ಚಾಕು ಕೊಟ್ಟು ತಿರುಗಿಸಿದ,*
*ಒಳಗಿನ ನೀರು ಚೆಲ್ಲದ ಹಾಗೆ*
*ನನ್ನ ಕಡೆಗೆ ಕೈ ಚಾಚಿದ.*

ಅಷ್ಟೇ. ಒಂಬತ್ತು ಸಾಲು. ಅವನು ಗಡಬಡಿಸಿ ತಾನು ಹಾಕಿದ್ದನ್ನು ತೆರೆದ. ಅಲ್ಲಿಯೂ ಒಂಬತ್ತೇ. ಬೆಳಿಗ್ಗೆ ಗಾಡಿಯೊಳಗೆ ಕೂತು, ತಣ್ಣಗಿನ ಬೆರಳಲ್ಲಿ ಫೋನಿನ ಟಿಪ್ಪಣಿಯಿಂದ ಕವಿತೆಯನ್ನು ಗುಂಪಿಗೆ ಎತ್ತಿ ಹಾಕುವಾಗ ಪರದೆಯ ಮೇಲೆ ಕಂಡಷ್ಟೇ ಬಂದಿದೆ. ಉಳಿದ ಇಪ್ಪತ್ತೆರಡು ಸಾಲು, ಅಪ್ಪನ ಕಾಯಿಲೆ, ಆಸ್ಪತ್ರೆ, ತಾನು ಕೇಳದೆ ಹೋದ ಕ್ಷಮೆ, ಎಲ್ಲ ಫೋನಿನಲ್ಲೇ ಕೂತಿವೆ.

ಅಷ್ಟರಲ್ಲಿ ಲೆಕ್ಕ ಇಪ್ಪತ್ತಮೂರಕ್ಕೆ ಏರಿತ್ತು. ಇಪ್ಪತ್ತಮೂರು ಜನ ಅವನು ಬರೆಯದ ಕವಿತೆಯನ್ನು ಮೆಚ್ಚಿದ್ದರು.

'ಗೆಳೆಯರೇ, ಇದು ಪೂರ್ತಿಯಲ್ಲ' ಎಂದು ಬರೆದ. ಅಳಿಸಿದ. ಮತ್ತೆ ಬರೆಯುವಷ್ಟರಲ್ಲಿ ಲೊಸಲಿನಿಯ ಕರೆ ಬಂತು.

ಪರದೆ ತುಂಬ ಅವಳ ಮುಖ, ಕೆನ್ನೆಯೊಳಗೆ ಮರಗೆಣಸಿನ ತುಂಡು. "ನೆಕ್ತಾರೀ! ಗೆದ್ದೆ ಕಣೋ! ಇಪ್ಪತ್ತಮೂರು! ಆಂಟಿ ಈಗ ತಾನೇ ಲೆಕ್ಕ ಮುಚ್ಚಿದ್ರು. ಎರಡನೇದಕ್ಕೆ ಬಂದಿರೋದು ಹನ್ನೊಂದು. ಇವತ್ತು ನೀನೇ ಓದ್ಬೇಕು!"

"ಲೊಸ, ಕೇಳಿಲ್ಲಿ, ಆ ಕವಿತೆ..."

"ಆ ಕವಿತೆ ನಮ್ಮ ವಾರ್ಡಲ್ಲಿ ಓದ್ಬಿಟ್ಟೆ. ಮೂರನೇ ಮಂಚದ ಮುದುಕ, ಊಟ ಮಾಡಲ್ಲ ಅಂತ ಎರಡು ದಿನದಿಂದ ಹಟ ಹಿಡಿದೋನು, 'ಆ ಹುಡುಗ ತಿಂದ್ನಾ ಇಲ್ವಾ?' ಅಂತ ಕೇಳ್ದ. 'ನೀವು ತಿಂದ್ರೆ ಹೇಳ್ತೀನಿ' ಅಂದೆ. ತಿಂದ ಕಣೋ!"

"ಲೊಸ, ಒಂದು ನಿಮಿಷ..."

"ಹೇಗೋ ನಿಲ್ಲಿಸ್ದೆ ಅಲ್ಲಿ? ಹಿಂದಿನ ಕವಿತೆಗಳಲ್ಲೆಲ್ಲ ಕೊನೇಗೆ ಬಂದು ನಮ್ಮನ್ನ ಕೂರಿಸ್ಕೊಂಡು ಪಾಠ ಹೇಳ್ತಿದ್ದೆ. ಬೇಜಾರು ಮಾಡ್ಕೋಬೇಡ. ಗೆಳತಿ ಅಂತ ಹೇಳ್ತಿರ್ಲಿಲ್ಲ ಇಷ್ಟು ದಿನ." ಅವಳು ನುಂಗಿದಳು. ದನಿ ತಗ್ಗಿತು. "ನಮ್ಮಪ್ಪ ಹೋಗಿ ಎಂಟು ತಿಂಗಳಾಯ್ತಲ್ಲ. ಅವತ್ತಿಂದ ಒಂದಕ್ಷರ ಬರೆದಿರ್ಲಿಲ್ಲ, ನಿಂಗೊತ್ತು. ಎಲ್ಲಾನೂ ಹೇಳ್ಬೇಕಲ್ಲ ಅನ್ನೋ ಭಯ. ಇವತ್ತು ನಿನ್ನ ಕವಿತೆ ಓದಿ, ಎಲ್ಲಾನೂ ಹೇಳ್ಬೇಕಾಗಿಲ್ಲ ಅಂತ ಗೊತ್ತಾಯ್ತು. ಔಷಧಿ ಚೀಟಿ ಹಿಂದೆ ಏಳು ಸಾಲು ಬರ್ದೆ. ಏಳೇ ಏಳು. ಸಂಜೆ ನೀನು ಓದಿದ್ಮೇಲೆ ನಾನೂ ಓದ್ತೀನಿ."

ಅವಳು ಆಗಲೇ ಎದ್ದಾಗಿತ್ತು. "ಗಂಟೆ ಹೊಡೀತಿದಾರೆ, ಹೋಗ್ತೀನಿ. ವಿನಾಕ ಕಣೋ, ವಿನಾಕ!" ಅವಳ ನಾಡಿನ ಆ ಥ್ಯಾಂಕ್ಸನ್ನು ಎರಡು ಸಲ ಹೇಳಿ ಮಾಯವಾದಳು.

ಮಿಕ್ಕ ದಿನವೆಲ್ಲ ಅವನ ಕೈ ತಪ್ಪಿಲ್ಲದೆ ಸಿಂಪಿ ವಿಂಗಡಿಸಿತು. ಮನಸ್ಸು ಮಾತ್ರ ಒಂದು ಕಡೆ ನಿಲ್ಲಲಿಲ್ಲ. ಇಪ್ಪತ್ತಮೂರು ಎಂದಾಗ ಕಾಲು ನೆಲ ಬಿಟ್ಟ ಹಾಗಾಗುತ್ತಿತ್ತು. ಅದು ತನ್ನದಲ್ಲ ಎಂದಾಗ ಧೊಪ್ಪನೆ ಬೀಳುತ್ತಿದ್ದ. ನಿಜ ಹೇಳಿದರೆ ಲೊಸಲಿನಿಯ ಏಳು ಸಾಲು ಏನಾದೀತು? ಮೋಸ ಹೋದೆ ಎಂದು ಅವಳು ಆ ಚೀಟಿಯನ್ನು ಹರಿದು ಹಾಕಿದರೆ? ಹೇಳದಿದ್ದರೆ ತಾನು ಇನ್ನು ಮೇಲೆ ಬರೆಯುವುದೇನನ್ನು? ಮೂರು ಗಂಟೆಗೆ ಲಾರಿಯ ರಸೀತಿಗಳ ಹಿಂಭಾಗದಲ್ಲಿ ಮೂವತ್ತೊಂದೂ ಸಾಲನ್ನು ಕೈಯಾರೆ ಬರೆದುಕೊಂಡ. ಮೂರು ಹಾಳೆಯಾಯಿತು. ಪೂರ್ತಿ ಓದುವುದು. ಆಮೇಲೆ ಅವರಿಗೆ ಏನನ್ನಿಸುತ್ತದೋ ಅನ್ನಿಸಲಿ.

ಊರಿನಲ್ಲಿ ಸಿಗ್ನಲ್ ಚೆನ್ನಾಗಿ ಸಿಗುವುದು ಜೆಟ್ಟಿಯ ಹತ್ತಿರ. ನಾಲ್ಕೂಕಾಲಿಗೆ ಗಾಡಿಯನ್ನು ಅಲ್ಲಿಗೆ ತಂದು ನಿಲ್ಲಿಸಿದಾಗ ಡೂಗಲ್ ಪಕ್ಕದ ಬಾಗಿಲು ತೆಗೆದು ಒಳಗೆ ಬಂದು ಕೂತ. ಕೈಯಲ್ಲಿ ಬಿಸಿ ಚಿಪ್ಸಿನ ಪೊಟ್ಟಣ.

"ನಿನ್ನ ಯಾರಯ್ಯಾ ಕರೆದ್ರು?"

"ಎರಡು ವರ್ಷದಿಂದ ಬೆಲ್ಟ್ ಮುಂದೆ ಗೊಣಗೊಣ ಅಂತಿದ್ದಿಯಲ್ಲ, ಅದೇನು ಅಂತ ನೋಡ್ಬೇಡ್ವಾ? ನಾನು ಉಸಿರು ಬಿಡಲ್ಲ, ನೀನು ಓದು."

ಆಂಟಿಯ ಊರಲ್ಲಿ ಸಂಜೆ ಏಳಾಯಿತು, ಇಲ್ಲಿ ನಾಲ್ಕೂವರೆ. ಪರದೆಯ ತುಂಬ ಚೌಕ ಚೌಕದಲ್ಲಿ ಮುಖಗಳು. ಹೆಸರಿನಲ್ಲಿ ಮಾತ್ರ ಕಂಡಿದ್ದ ಜನರೆಲ್ಲ ಕೈ ಬೀಸುತ್ತಿದ್ದರು. ಟೋಂಗಾದ ಮೇಷ್ಟರ ಹಿಂದೆ ಕರಿಹಲಗೆ, ಅದನ್ನವರು ಅಳಿಸಿರಲಿಲ್ಲ. ನೈರಿ ಆಂಟಿ ಟೋಪಿ ಹಾಕಿಕೊಂಡು, ಬಸ್ಸು ಹೊರಡಿಸುವವರ ಹಾಗೆ, "ಎಲ್ರೂ ಹತ್ತಿದ್ರಾ? ಬಾಗ್ಲು ಹಾಕ್ತಿದೀನಿ!" ಎಂದರು. ನಗು. "ನೆಕ್ತಾರಿ, ಮಗಾ, ಶುರು ಮಾಡು."

ಅವನು ಓದಿದ. ಮೂರನೆಯ ಸಾಲಿನಿಂದಾಚೆ ಓದುತ್ತಿರುವುದು ತಾನೇ ಎಂಬುದು ಮರೆತುಹೋಯಿತು. ಡೂಗಲ್ ಚಿಪ್ಸ್ ತಿನ್ನುವುದನ್ನು ನಿಲ್ಲಿಸಿದ್ದ.

"...ಒಳಗಿನ ನೀರು ಚೆಲ್ಲದ ಹಾಗೆ, ನನ್ನ ಕಡೆಗೆ ಕೈ ಚಾಚಿದ."

ಉಸಿರು ತೆಗೆದುಕೊಂಡು ಎರಡನೆಯ ಹಾಳೆಗೆ ಕಣ್ಣು ಹಾಯಿಸಿದ. ಹತ್ತನೆಯ ಸಾಲು: *ಈಗ ಆ ಕೈ ಇಲ್ಲ, ಈಗ ನನಗೆ ಅರ್ಥವಾಗುತ್ತಿದೆ.* ಪರದೆಯ ಮೇಲೆ ಒಂದು ಮುಖವೂ ಅಲುಗುತ್ತಿರಲಿಲ್ಲ. ಅಪ್ಪ ಈ ಸಾಲನ್ನು ಕೇಳಿದ್ದರೆ ಏನೆನ್ನುತ್ತಿದ್ದ? ಏನೂ ಅನ್ನುತ್ತಿರಲಿಲ್ಲ, ತಲೆ ತಗ್ಗಿಸಿ ಇನ್ನೊಂದು ಸಿಂಪಿ ತೆರೆಯುತ್ತಿದ್ದ. ಆ ಮೌನದೊಳಗೆ ಈ ಸಾಲಿಗೆ ಜಾಗವೇ ಇರಲಿಲ್ಲ.

ನೆಕ್ತಾರಿ ಉಳಿದ ಹಾಳೆಗಳನ್ನು ಮಡಚಿದ.

ಆಮೇಲೆ ಚಪ್ಪಾಳೆ ಬಿತ್ತು, ನಲವತ್ತು ಕಡೆಯಿಂದ, ಹಿಂದೆ ಮುಂದೆ.

"ಹೇಳಪ್ಪ ಈಗ," ಆಂಟಿ ಕಣ್ಣೊರೆಸಿಕೊಂಡರು, "ಅಲ್ಲಿಗೆ ನಿಲ್ಲಿಸ್ಬೇಕು ಅಂತ ಹೇಗೆ ಗೊತ್ತಾಯ್ತು ನಿನಗೆ?"

ಇಲ್ಲಿ ಸುಳ್ಳು ಹೇಳುವುದು ಎಷ್ಟು ಸುಲಭವಾಗಿತ್ತು. ಅವನು ಲೊಸಲಿನಿಯ ಚೌಕವನ್ನು ನೋಡಿದ. ಅವಳ ಕೈಯಲ್ಲಿ ಔಷಧಿ ಚೀಟಿ ಇತ್ತು.

"ನಾನು ನಿಲ್ಲಿಸ್ಲಿಲ್ಲ ಆಂಟಿ. ಫೋನು ನಿಲ್ಲಿಸ್ತು. ಕವಿತೆ ಮೂವತ್ತೊಂದು ಸಾಲು ಇತ್ತು. ಬೆಳಿಗ್ಗೆ ಕಳಿಸೋವಾಗ ಒಂಬತ್ತೇ ಬಂದಿದೆ. ನೀವೆಲ್ಲ ಬರ್ಕೊಂಡಿದ್ದು... ಅದು ನನ್ನ ಜಾಣತನ ಅಲ್ಲ. ಕ್ಷಮಿಸಿ."

ಲೊಸಲಿನಿಯ ಚೌಕ ಕಪ್ಪಾಯಿತು. ಚೀಟಿ ಹರಿದು ಹಾಕಿದಳೇನೋ.

ಬಂಡಾಬರ್ಗಿನವರು ಮೊದಲು ಕಿಸಕ್ಕೆಂದರು. ಅದು ಹಬ್ಬಿತು. ಮೇಷ್ಟರು ಮೇಜು ಗುದ್ದಿ ನಗತೊಡಗಿದರು. "ಆ ಫೋನು ಯಾವ್ದು ಹೇಳು, ನಾನೂ ಒಂದು ತಗೋತೀನಿ!" ಎಂದು ಯಾರೋ ಕೂಗಿದರು.

"ನಿಲ್ಲಿ, ನಿಲ್ಲಿ," ಆಂಟಿ ಕೈ ಎತ್ತಿದರು. "ಬೆಳಿಗ್ಗೆ ಫೋನು ನಿಲ್ಲಿಸ್ತು, ಒಪ್ಕೊಂಡೆ. ಈಗ ಓದಿದೆಯಲ್ಲ, ಈಗ ಯಾರು ನಿಲ್ಲಿಸಿದ್ದು?"

ಉಸಿರು ಬಿಡುವುದಿಲ್ಲ ಎಂದಿದ್ದ ಡೂಗಲ್ ತಲೆಯನ್ನು ಪರದೆಯೊಳಗೆ ತೂರಿಸಿದ. "ಅಮ್ಮಾ, ನಾನು ಪಕ್ಕದಲ್ಲೇ ಇದೀನಿ. ಇವನ ಕೈಯಲ್ಲಿ ಇನ್ನೂ ಎರಡು ಹಾಳೆ ಇವೆ, ತುಂಬ ಬರ್ದಿದಾನೆ. ನೋಡ್ದ, ಮುಚ್ಚಿಟ್ಟ. ನನ್ನ ಕಣ್ಣಾರೆ ಕಂಡಿದೀನಿ. ಇವರಪ್ಪನೂ ಹಂಗೇ, ಮೂರು ಮಾತು ಆಡೋ ಕಡೆ ಅರ್ಧ ಆಡೋನು."

ಮತ್ತೆ ನಗು, ಈ ಸಲ ಅವನನ್ನೂ ಎಳೆದುಕೊಂಡು. ಆ ಗದ್ದಲದ ನಡುವೆ ಕಪ್ಪು ಚೌಕ ಬೆಳಗಿತು. ಲೊಸಲಿನಿ ಏದುಸಿರು ಬಿಡುತ್ತಿದ್ದಳು.

"ಮೂರನೇ ಮಂಚದ ಮುದುಕ ಕರೆದಿದ್ದ, ಅರ್ಧಕ್ಕೇ ಓಡ್ಬೇಕಾಯ್ತು. ಫೋನು ಕಿವೀಲೇ ಇತ್ತು, ಎಲ್ಲಾ ಕೇಳಿಸ್ಕೊಂಡೆ. ಲೋ ನೆಕ್ತಾರಿ, ಇಪ್ಪತ್ತೆರಡು ಸಾಲು ಉಳಿಸ್ಕೊಂಡಿದೀಯಾ? ಮುಂದಿನ ವರ್ಷಕ್ಕೆ ಸಾಕಾಗುತ್ತೆ ಬಿಡು!"

"ನಿಂಗೆ ಕೋಪ ಇಲ್ವಾ?"

"ಯಾಕೆ ಕೋಪ? ನನ್ನ ಏಳು ಸಾಲು ನಾನೇ ಬರ್ದಿರೋದು, ನಿನ್ನ ಫೋನು ಬರ್ದಿಲ್ಲ. ಸುಮ್ನೆ ಕೂತ್ಕೊಂಡು ಕೇಳು."

ಅವಳು ಚೀಟಿಯನ್ನು ಬೆಳಕಿಗೆ ಹಿಡಿದು ಓದಿದಳು. ಅವಳ ಅಪ್ಪ ಕಬ್ಬಿನ ಗದ್ದೆಯಿಂದ ಬಂದು ಹೊಸ್ತಿಲಲ್ಲಿ ಕೂತು, ಅವಳು ತಂದ ನೀರನ್ನು ಮೊದಲು ನಾಯಿಗೆ ಸುರಿಯುವ ಏಳು ಸಾಲು. ಏಳನೆಯದು ನೀರಿನ ಸದ್ದಿನಲ್ಲಿ ನಿಂತಿತು. ನೆಕ್ತಾರಿ ತನ್ನ ಎರಡನೆಯ ಹಾಳೆಯನ್ನು ತಿರುಗಿಸಿ, ಖಾಲಿ ಇದ್ದ ಅಂಚಿನಲ್ಲಿ ಆ ಏಳನೆಯ ಸಾಲನ್ನು ಬರೆಯತೊಡಗಿದ. ಪೆನ್ನು ಕಾಗದದ ಮೇಲೆ ಓಡುತ್ತಿತ್ತು. ಎಲ್ಲರಿಗಿಂತ ಮೊದಲು ಫೋಟೋ ಹಾಕಬೇಕೆಂದು ಅವಸರ. ಡೂಗಲ್ ಚಿಪ್ಸಿನ ಪೊಟ್ಟಣ ಹರಿದು, "ನಂಗೂ ಒಂದು ಪೆನ್ನು ಕೊಡೋ," ಎಂದ.

ಆಮೇಲೆ ಎಷ್ಟೋ ಶುಕ್ರವಾರ ಅವನೂ ಲೊಸಲಿನಿಯೂ ಅವತ್ತಿನ ಕಥೆಯನ್ನು ಹೇಳಿಕೊಂಡು ನಕ್ಕಿದ್ದಾರೆ, ಹೊಸಬರು ಬಂದಾಗಲೆಲ್ಲ ಹೇಳಿದ್ದಾರೆ. ಎರಡೇ ನಕಲು ಬಂದಿದ್ದರೆ ಅವತ್ತೇ ಬರೆಯುವುದನ್ನು ಬಿಟ್ಟು ಹೊರಟುಹೋಗುತ್ತಿದ್ದೆ ಎಂದು ಮಾತ್ರ ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.