ಅರ್ಧಕ್ಕೆ ಇಳಿದ ಬಾವುಟ

ಸತ್ತವರ ಶೋಕಕ್ಕೆಂದು ಬಾವುಟವನ್ನು ಅರ್ಧಕ್ಕೆ ಇಳಿಸಬೇಕಾದರೆ ಮೊದಲು ಅದನ್ನು ಕಂಬದ ತುದಿಯವರೆಗೂ ಏರಿಸಬೇಕು. ಅಲ್ಲಿ ಒಂದು ಗಳಿಗೆ ನಿಲ್ಲಿಸಿ, ಆಮೇಲೆ ನಿಧಾನವಾಗಿ ಇಳಿಸಬೇಕು. ಸಂಜೆ ಬಿಚ್ಚುವಾಗಲೂ ಹಾಗೆಯೇ. ತುದಿ ಮುಟ್ಟಿಸದೆ ಕೆಳಗೆ ತರುವಂತಿಲ್ಲ. ಪೆನ್ಸಿಲ್ವೇನಿಯಾದ ಆ ಸಣ್ಣ ಊರಿನ ಪ್ರೌಢಶಾಲೆಯಲ್ಲಿ ಪೌರನೀತಿ ಪಾಠ ಹೇಳಿ ಮುದುಕನಾದ ವೆಂಡೆಲ್ ಕ್ರಾಟ್ಸ್ ಇದನ್ನು ಎಷ್ಟೋ ಮಕ್ಕಳಿಗೆ ಕಲಿಸಿದ್ದ. ನಿವೃತ್ತನಾದ ಮೇಲೆ ಊರಿನ ಕಚೇರಿಯ ಮುಂದಿನ ಕಂಬದ ಉಸ್ತುವಾರಿಯನ್ನು ತಾನಾಗಿಯೇ ವಹಿಸಿಕೊಂಡಿದ್ದ.

ಆ ನವೆಂಬರ್ ಬೆಳಿಗ್ಗೆ ಬಾವುಟ ಇಳಿಸಲು ಅವನಿಗೆ ಯಾರ ಆದೇಶವೂ ಇರಲಿಲ್ಲ. ಆದೇಶ ಬರಬೇಕಾದ್ದು ದೇಶದ ಅಧ್ಯಕ್ಷರಿಂದ, ಇಲ್ಲವೆ ರಾಜ್ಯದ ಗವರ್ನರ್‌ರಿಂದ. ಇದನ್ನೂ ಅವನೇ ಕಲಿಸಿದ್ದ. ಹಗ್ಗ ಮಂಜಿಗೆ ಬಿಗಿದುಕೊಂಡಿತ್ತು. ಗಂಟು ಹಾಕಿ, ಕೈಗೆ ಬಿಸಿಯುಸಿರು ಊದಿಕೊಳ್ಳುತ್ತಾ ರಸ್ತೆಯಾಚೆಗಿನ ಡೊರೀನ್‌ಳ ಹೋಟೆಲಿನ ಕಡೆ ನೋಡಿದ. ಕಿಟಕಿಯ ಹಿಂದಿನ ತಲೆಗಳು ಒಂದು ಸಲ ಎದ್ದವು, ಬಾವುಟ ನೋಡಿದವು, ಮತ್ತೆ ತಟ್ಟೆಗೆ ಬಾಗಿದವು.

ಲೈಲ್ ಹಾಸ್ಟೆಟರ್ ಹಿಂದಿನ ವಾರ ಸಿಟಿಯ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಅರಿಜೋನಾದಲ್ಲಿದ್ದ ಮಗಳು ಫೋನಿನಲ್ಲೇ ದಹನದ ಏರ್ಪಾಡು ಮುಗಿಸಿ, ವಸಂತದಲ್ಲಿ ತಾನು ಬರುವವರೆಗೆ ಬೂದಿಯ ಪೆಟ್ಟಿಗೆ ಇಟ್ಟುಕೊಳ್ಳಲು ಆಗುತ್ತದೆಯೇ ಎಂದು ವೆಂಡೆಲ್‌ನನ್ನು ಕೇಳಿದ್ದಳು. ಚರ್ಚಿನಲ್ಲಿ ಪ್ರಾರ್ಥನೆಯಿಲ್ಲ, ಆಮೇಲಿನ ಊಟವಿಲ್ಲ. ಊರಿನ ವಾರಪತ್ರಿಕೆ ಮುಚ್ಚಿಹೋಗಿತ್ತು. ಯಾರು ಸತ್ತರೆಂದು ತಿಳಿಯಲು ಜನ ಈಗ ಫೇಸ್‌ಬುಕ್ ನೋಡುತ್ತಿದ್ದರು. ಲೈಲ್ ಅದರಲ್ಲಿ ಇರಲಿಲ್ಲ. ಹಾಗಾಗಿ ಊರಿನ ಮಟ್ಟಿಗೆ ಅವನು ಇನ್ನೂ ಸತ್ತಿರಲಿಲ್ಲ.

ಲೈಲ್ ಗಾಜಿನ ಕಾರ್ಖಾನೆಯಲ್ಲಿದ್ದವನು. ಒಂದು ಚುನಾವಣೆಯಲ್ಲೂ ಅವನೂ ವೆಂಡೆಲ್ಲೂ ಒಬ್ಬನಿಗೇ ಮತ ಹಾಕಿದ್ದಿಲ್ಲ. ಬೆಳಿಗ್ಗೆ ಡೊರೀನ್‌ಳ ಕೌಂಟರಿನ ಕೊನೆಯ ಎರಡು ಸ್ಟೂಲುಗಳಲ್ಲಿ ಕೂತು, ಮೊಟ್ಟೆ ತಣ್ಣಗಾಗುವವರೆಗೂ ದೇಶದ ಹಳೆಯ ಹೊಸ ಅಧ್ಯಕ್ಷರನ್ನೆಲ್ಲ ತೂಗುವುದು ಅವರ ಕೆಲಸ. ಉಳಿದವರೂ ಆಗ ನಡುವೆ ಬಾಯಿ ಹಾಕುತ್ತಿದ್ದರು, ಬೈಯುತ್ತಿದ್ದರು, ಒಬ್ಬರ ಕಾಫಿಗೆ ಇನ್ನೊಬ್ಬರು ದುಡ್ಡು ಕೊಡುತ್ತಿದ್ದರು. ಆಮೇಲೆ, ಯಾವ ವರ್ಷದಿಂದ ಎಂದು ಯಾರೂ ಹೇಳಲಾರರು, ಕಿಟಕಿಯ ಮೇಜು ಒಂದು ಪಕ್ಷದ್ದಾಯಿತು, ಹಿಂದಿನ ಮೇಜು ಇನ್ನೊಂದರದ್ದಾಯಿತು. ಒಂದು ದಿನ ಕೆಚಪ್ ಬಾಟಲಿಯೊಂದು ಹಾರಿತು. ಮರುದಿನ ಗಲ್ಲಾದ ಮೇಲೆ ಬೋರ್ಡು ಬಂತು: ಇಲ್ಲಿ ರಾಜಕೀಯ ಮಾತಾಡಬಾರದು. ಆಗ ಅವರಿಬ್ಬರೂ ತಮ್ಮ ಜಗಳವನ್ನು ಹೊರಗೆ ಬಾವುಟದ ಕೆಳಗಿನ ಬೆಂಚಿಗೆ ಎತ್ತಿಕೊಂಡು ಹೋದರು.

"ನನ್ನ ಕೇಳಿದ್ರೆ ಎಲ್ಲರಿಗಿಂತ ಒಳ್ಳೆಯವನು ಅಧ್ಯಕ್ಷನಾಗಿ ಒಂದೇ ತಿಂಗಳಿಗೆ ಸತ್ತನಲ್ಲ, ಅವನು" ಎನ್ನುತ್ತಿದ್ದ ಲೈಲ್. "ಏನನ್ನೂ ಹಾಳು ಮಾಡೋಕೆ ಅವನಿಗೆ ಟೈಮೇ ಸಿಗಲಿಲ್ಲ."

"ಮತ್ತೆ ಆ ಸ್ವೆಟರಿನವನು? ಅವನೇ ನಿನ್ನ ದೇವರಲ್ವಾ?"

ಸ್ವೆಟರಿನವನು ಎಂದರೆ, ಅವರಿಬ್ಬರೂ ಪ್ರಾಯದಲ್ಲಿದ್ದಾಗ ಒಂದು ಕಡುಚಳಿಗಾಲದಲ್ಲಿ ಕಾರ್ಡಿಗನ್ ತೊಟ್ಟು ಟಿವಿಯಲ್ಲಿ ಬಂದು, ಮನೆಯ ಹೀಟರನ್ನು ಅರವತ್ತೈದು ಡಿಗ್ರಿ ಫ್ಯಾರನ್‌ಹೀಟಿಗೆ ಇಳಿಸಿ ಎಂದು ದೇಶವನ್ನು ಕೇಳಿಕೊಂಡ ಅಧ್ಯಕ್ಷ. ಲೈಲ್ ಅಂದೇ ಎದ್ದು ಹೋಗಿ ಇಳಿಸಿದವನು, ಮತ್ತೆ ಏರಿಸಲೇ ಇಲ್ಲ. ವೆಂಡೆಲ್ ಟಿವಿಯ ಮುಂದೆ ನಕ್ಕು, ಎಪ್ಪತ್ತೆರಡಕ್ಕೆ ತಿರುಗಿಸಿದವನು.

"ನಗು, ನಗು" ಎಂದಿದ್ದ ಲೈಲ್. "ಏನಾದ್ರೂ ಒಂಚೂರು ಬಿಟ್ಕೊಡಿ ಅಂತ ನಮ್ಮನ್ನ ಕೇಳಿದ ಕೊನೇ ಮನುಷ್ಯ ಅವನು. ಅದಕ್ಕೇ ಮನೆಗೆ ಕಳಿಸಿದ್ರಿ."

"ನನ್ನ ತಾತನ ಹಾಗೆ ಕಾಣ್ತಿದ್ದ ಕಣೋ. ತಾತನ ಕೈಗೆ ಯಾರಾದ್ರೂ ಅಣುಬಾಂಬಿನ ಕೀಲಿ ಕೊಡ್ತಾರಾ?"

"ಈಗ ಯಾರ ಕೈಗೆ ಕೊಟ್ಟಿದ್ದೀರಿ, ನೋಡ್ಕೋ."

ಸೆಪ್ಟೆಂಬರಿನ ಒಂದು ದಿನ ಅವರು ಹಾಗೆ ಕೂತಿದ್ದಾಗ ಬಾವುಟ ಅರ್ಧಕ್ಕೆ ಇತ್ತು. ಲೈಲ್ ಆಗಲೇ ಕಡ್ಡಿಯಾಗಿದ್ದ. ಕೊರಳಿನ ಸುತ್ತ ಅಂಗಿ ಸಡಿಲವಾಗಿ ನಿಂತಿತ್ತು. ತಲೆಯೆತ್ತಿ ನೋಡಿ, "ಇವತ್ತು ಯಾರಿಗೆ?" ಎಂದ.

"ಆಫೀಸಿಗೆ ಮೇಲ್ ಬಂದಿತ್ತು. ಯಾವುದೋ ಶಾಲೆಯಲ್ಲಿ ಯಾರೋ ಗುಂಡು ಹಾರಿಸಿದ್ದಂತೆ."

"ಯಾವ ಶಾಲೆ?"

ವೆಂಡೆಲ್ ಯೋಚಿಸಿದ. ಬೆಳಿಗ್ಗೆಯಷ್ಟೇ ಓದಿದ್ದ. ನೆನಪಿಗೆ ಬರಲಿಲ್ಲ. ಅವನು ಬಾಯಿ ತೆರೆದು ಮುಚ್ಚಿದ್ದನ್ನು ಲೈಲ್ ನೋಡಿದ.

"ನಾವು ಹುಡುಗರಾಗಿದ್ದಾಗ ಇದು ಇಳಿದ್ರೆ ನಮ್ಮಮ್ಮ ಅಂಗಳದಲ್ಲೇ ನಿಂತು ಅಳ್ತಿದ್ಳು" ಎಂದ. "ಈಗ ಹಗ್ಗ ಹಿಡಿದವನಿಗೇ ಗೊತ್ತಿಲ್ಲ. ಬೆಟ್ ಕಟ್ತೀಯಾ? ನಾನು ಹೋದಾಗ ನೀನು ಇದನ್ನ ಇಳಿಸು. ಹೊತ್ತು ಮುಳುಗೋದ್ರೊಳಗೆ ಯಾರು ಹೋದ್ರು ಅಂತ ಈ ಊರಲ್ಲಿ ಒಬ್ಬನೂ ಕೇಳಲ್ಲ."

"ಕೇಳ್ತಾರೆ. ಒಬ್ಬರಾದ್ರೂ ಕೇಳ್ತಾರೆ."

"ನೀನಾಗಿ ಬಾಯಿ ಬಿಡೋ ಹಾಗಿಲ್ಲ ಮತ್ತೆ. ಅವರೇ ಕೇಳಬೇಕು."

"ಗೆದ್ರೆ ನನಗೇನು ಸಿಗತ್ತೆ? ನೀನೇ ಇರಲ್ಲವಲ್ಲ."

"ಅದೇ ಸಿಗೋದು ನಿನಗೆ" ಎಂದ ಲೈಲ್. "ಸೋತ್ರೆ ಚಳಿಗಾಲ ಪೂರ್ತಿ ಹೀಟರು ಅರವತ್ತೈದಕ್ಕೆ. ಮೈಮೇಲೆ ಸ್ವೆಟರು."

ಮರುದಿನ ಅವನು ಚರ್ಚಿನ ಹಳೆಬಟ್ಟೆ ಅಂಗಡಿಯಿಂದ ಕಂದುಬಣ್ಣದ ಕಾರ್ಡಿಗನ್ ಒಂದನ್ನು ತಂದು ಬೆಂಚಿನ ಮೇಲೆ ಎಸೆದಿದ್ದ. "ಅಳತೆ ನೋಡ್ಕೋ ಮೇಷ್ಟ್ರೇ." ವೆಂಡೆಲ್ ಅದನ್ನು ತೊಟ್ಟು ನೋಡದೆ ಕಪಾಟಿನ ತಳಕ್ಕೆ ತುರುಕಿದ್ದ.

ಈಗ ವೆಂಡೆಲ್ ರಸ್ತೆ ದಾಟಿ ಹೋಟೆಲಿಗೆ ಹೋಗಿ ತನ್ನ ಸ್ಟೂಲಿನ ಮೇಲೆ ಕೂತ. ಪಕ್ಕದ್ದು ಖಾಲಿ. ಡೊರೀನ್ ಕೇಳದೆಯೇ ಕಾಫಿ ಸುರಿದಳು.

"ಮತ್ತೆ ಇಳಿಸಿದ್ದೀರಲ್ಲ. ಎಲ್ಲಿ ಈ ಸಲ?"

ಅವನು ತಟ್ಟನೆ ತಲೆಯೆತ್ತಿದ. "ಸಿಟಿಯಲ್ಲಿ."

"ಸಿಟಿಯಲ್ಲಿ ಆಗದೆ ಇನ್ನೆಲ್ಲಿ ಆಗತ್ತೆ" ಎಂದಳು ಡೊರೀನ್. ಕಿಟಕಿಯ ಮೇಜಿನಿಂದ ಗಸ್ ಪಾವ್ಲಿಕ್, ಹಿಂದೊಮ್ಮೆ ಲೈಲ್‌ನ ಜೊತೆ ಅದೇ ಕುಲುಮೆಯ ಮುಂದೆ ಬೆವರು ಸುರಿಸಿದವನು, ತಲೆಯೆತ್ತದೆ ಕೇಳಿದ: "ಎಷ್ಟು ಜನ?"

"ಒಬ್ಬ."

"ಬರೀ ಒಬ್ಬನಿಗಾ? ಹಾಗಾದ್ರೆ ಡ್ಯೂಟಿ ಮೇಲೆ ಸತ್ತ ಪೊಲೀಸಿನವನೇ ಇರಬೇಕು."

"ಪೊಲೀಸಿನವನೇ" ಎಂದು ಮೇಜಿನ ಉಳಿದವರು ತಲೆಯಾಡಿಸಿದರು. ಹಿಂದಿನ ಮೇಜಿನವರು ಇದನ್ನು ಕೇಳಿಸಿಕೊಂಡರು, ಆದರೆ ಕಿಟಕಿಯ ಮೇಜಿನವರ ಮಾತಿಗೆ ಅವರು ದನಿಗೂಡಿಸುವಂತಿರಲಿಲ್ಲ. ಒಬ್ಬ ಟೋಸ್ಟಿಗೆ ಬೆಣ್ಣೆ ಸವರಿದ. ಚಾಕು ಒಣ ರೊಟ್ಟಿಯ ಮೇಲೆ ಕೆರೆಯುವ ಸದ್ದು ಮಾತ್ರ. ವೆಂಡೆಲ್ ಆ ಸದ್ದು ನಿಲ್ಲುವುದನ್ನೇ ಕಾದ. ನಿಂತ ಮೇಲೂ ಯಾರೂ ಹೆಸರು ಕೇಳಲಿಲ್ಲ.

ಪೊಲೀಸಿನವನಲ್ಲ ಎಂದು ಅವನು ಹೇಳಬಹುದಿತ್ತು. ಹೇಳಿದರೆ ಎಲ್ಲರೂ ಎದ್ದು ಬರುತ್ತಿದ್ದರು, ಹೆಗಲು ತಟ್ಟುತ್ತಿದ್ದರು, ಡೊರೀನ್ ಅತ್ತೂಬಿಡುತ್ತಿದ್ದಳು. ಕೆಟ್ಟವರಲ್ಲ ಅವರು. ಆದರೆ ಹೇಳಿಸಿಕೊಂಡು ಅಳುವುದಕ್ಕೂ ಕೇಳಿ ತಿಳಿದು ಅಳುವುದಕ್ಕೂ ನಡುವೆ ಏನೋ ಇತ್ತು. ಅದು ಈ ಊರಿನಲ್ಲಿ ಇನ್ನೂ ಉಳಿದಿದೆಯೇ ಎಂಬುದೇ ಬೆಟ್ಟಿನ ವಿಷಯ.

ಹೊರಡುವಾಗ ಡೊರೀನ್ ಖಾಲಿ ಸ್ಟೂಲಿನ ಎದುರಿನ ಕೌಂಟರನ್ನು ಒರೆಸುತ್ತಾ, "ನಿಮ್ಮ ಜೋಡಿ ಸಿಕ್ಕಿದ್ರೆ ನಾನು ಕೇಳಿದೆ ಅಂತ ಹೇಳಿ" ಎಂದಳು. "ಅವನಿಲ್ದೆ ಬೋರ್ಡು ತಗುಲಿಸಿದ್ದೂ ದಂಡ ಅನ್ಸತ್ತೆ."

"ಹೇಳ್ತೀನಿ" ಎಂದ ವೆಂಡೆಲ್. ಸುಳ್ಳೇನಲ್ಲ, ಪೆಟ್ಟಿಗೆ ಅವನ ಅಡುಗೆಮನೆಯ ಮೇಜಿನ ಮೇಲೆಯೇ ಇತ್ತು.

ಮಿಕ್ಕ ಹೊತ್ತು ಅವನು ಬೆಂಚಿನ ಮೇಲೆ ಕಳೆದ. ಚುನಾವಣೆ ಮುಗಿದಿದ್ದರೂ ಎದುರಿನ ಅಂಗಳಗಳಲ್ಲಿ ಅಭ್ಯರ್ಥಿಗಳ ಹೆಸರಿನ ಫಲಕಗಳು ಹಾಗೇ ನಿಂತಿದ್ದವು. ಗೆದ್ದವರು ಕೀಳಲು ಒಪ್ಪರು, ಸೋತವರು ತಾವೇ ಮೊದಲು ಕೀಳಲು ಒಪ್ಪರು. ಅಂಚೆ ಕಚೇರಿಗೆ ಬಂದವನೊಬ್ಬ ಬಾವುಟ ನೋಡಿ ಟೋಪಿ ತೆಗೆದ, ಮತ್ತೆ ಹಾಕಿಕೊಂಡ. ಕಾರು ನಿಲ್ಲಿಸಿದ ಹೆಂಗಸೊಬ್ಬಳು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ಮುಂದೆ ಹೋದಳು. ಮರ್ಯಾದೆಗೆ ಯಾರಲ್ಲೂ ಕೊರತೆಯಿರಲಿಲ್ಲ. ಗೊತ್ತಿಲ್ಲದ ಯಾರಿಗೋ ಸಲ್ಲಿಸಿ, ಹಗುರಾಗಿ ಹೋಗುತ್ತಿದ್ದರು. ಸೆಪ್ಟೆಂಬರಿನಲ್ಲಿ ತಾನೂ ಹೀಗೆಯೇ ಗಂಟು ಹಾಕಿ ಬಂದಿದ್ದೆನಲ್ಲ ಎಂದು ವೆಂಡೆಲ್‌ಗೆ ಅನ್ನಿಸಿತು.

ಬಿಸಿಲು ಚರ್ಚಿನ ಗೋಪುರದ ಹಿಂದಕ್ಕೆ ಸರಿಯುವ ಹೊತ್ತಿಗೆ ಕಚೇರಿಯ ಗುಮಾಸ್ತೆ ಟ್ರೂಡಿ ಬೆಂಕೊ ಕೋಟು ಹೊದ್ದುಕೊಂಡು ಹೊರಗೆ ಬಂದಳು. ಅವನ ಹಳೆಯ ವಿದ್ಯಾರ್ಥಿನಿ. ಆದೇಶವಿಲ್ಲದೆ ಇಳಿಸಿದ್ದಕ್ಕೆ ಕಾರಣ ಕೇಳುವವಳು ಇವಳೊಬ್ಬಳೇ ಎಂದು ವೆಂಡೆಲ್ ಬೆಳಿಗ್ಗೆಯಿಂದ ಒಳಗೊಳಗೇ ನಂಬಿಕೊಂಡಿದ್ದ.

"ಮೇಷ್ಟ್ರೇ, ನಿಮಗೆ ಹೇಗೆ ಮೊದಲೇ ಗೊತ್ತಾಯ್ತು?" ಎಂದಳು ಟ್ರೂಡಿ. "ಗವರ್ನರ್ ಆಫೀಸಿನ ಮೇಲ್ ನನಗೆ ಈಗ ಬಂತು. ಬಾವುಟ ಇಳಿಸಿ ಅಂತ. ಯಾವುದೋ ಮಾಲಂತೆ. ಐದು ಜನ. ನೀವು ಆಗಲೇ ಇಳಿಸಿದ್ದೀರಿ, ನನಗೊಂದು ಕೆಲಸ ಉಳೀತು."

ವೆಂಡೆಲ್ ಅವಳ ಕಡೆ ತಿರುಗಿದ. "ಅವರ ಹೆಸರು?"

"ಹೆಸರು ಮೇಲ್‌ನಲ್ಲಿ ಹಾಕಲ್ಲ ಮೇಷ್ಟ್ರೇ. ಯಾವತ್ತಿಂದ ಯಾವತ್ತಿನವರೆಗೆ ಇಳಿಸಬೇಕು ಅಂತ ದಿನಾಂಕ ಮಾತ್ರ. ಹೀಗೇ ಇರಲಿ ಬಿಡಿ."

ಅವನು ಎದ್ದು ಗಂಟು ಬಿಚ್ಚಿದ. ಹಗ್ಗ ಎಳೆದ. ಬಾವುಟ ಮೇಲೇರತೊಡಗಿತು.

"ಏನು ಮಾಡ್ತಿದ್ದೀರಿ? ಇಳಿದೇ ಇತ್ತಲ್ಲ."

"ಒಂದು ಮುಗೀಲಿ. ಆಮೇಲೆ ಇನ್ನೊಂದು."

ಟ್ರೂಡಿ ಅವನ ಮೊಣಕೈಯನ್ನು ಮೆಲ್ಲಗೆ ಹಿಡಿದಳು, ಮುಪ್ಪು ತಲೆಗೆ ಏರಿದವರನ್ನು ಹಿಡಿಯುವ ಹಾಗೆ. "ಎಲ್ಲಾ ಒಂದೇ ಅಲ್ವಾ ಮೇಷ್ಟ್ರೇ."

ಬಾವುಟ ತುದಿಯಲ್ಲಿ ಗಾಳಿಗೆ ಬಿಚ್ಚಿಕೊಂಡು ಪಟಪಟ ಹೊಡೆಯಿತು. ನಿಯಮ ಒಂದು ಗಳಿಗೆ ಎನ್ನುತ್ತದೆ. ವೆಂಡೆಲ್ ಅದಕ್ಕಿಂತ ಹೆಚ್ಚು ಹೊತ್ತು ಹಿಡಿದು ನಿಂತ. ಆಮೇಲೆ, ಹೆಸರು ತಿಳಿಯದ ಐದು ಮಂದಿಗಾಗಿ, ಅದನ್ನು ಮತ್ತೆ ಇಳಿಸಿದ.

ಸಂಜೆಯ ಕಾಫಿಗೆ ಬಂದು ಇದನ್ನೆಲ್ಲ ಹೋಟೆಲಿನ ಕಿಟಕಿಯಿಂದ ನೋಡಿದ ಗಸ್ ಪಾವ್ಲಿಕ್ ಬಾಯಲ್ಲಿ ಹಲ್ಲುಕಡ್ಡಿ ಇಟ್ಟುಕೊಂಡೇ ರಸ್ತೆ ದಾಟಿ ಬಂದ. "ಇನ್ನೊಂದಾ?"

"ಇನ್ನೊಂದು" ಎಂದ ವೆಂಡೆಲ್.

"ಒಂದೇ ದಿನದಲ್ಲಿ. ಎಷ್ಟು?"

"ಐದು" ಎಂದಳು ಟ್ರೂಡಿ.

ಗಸ್ ಹಲ್ಲುಕಡ್ಡಿಯನ್ನು ಬಾಯಿಯ ಆ ಕಡೆಯಿಂದ ಈ ಕಡೆಗೆ ಹೊರಳಿಸಿದ. ಅವನ ಹಣೆಯಲ್ಲಿ ಒಂದು ಗೆರೆ ಮೂಡಿತು. "ಹಾಗಾದ್ರೆ ಬೆಳಿಗ್ಗೆದು?"

ವೆಂಡೆಲ್ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡ. ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಇನ್ನೊಂದೇ ಒಂದು ಪ್ರಶ್ನೆ ಸಾಕಿತ್ತು.

"ಬೆಳಿಗ್ಗೆದು ಬೇರೆ" ಎಂದ. "ಅವನು ಒಬ್ಬನೇ."

ಗಸ್ ತಲೆಯೆತ್ತಿ ಬಾವುಟ ನೋಡಿದ. ತುಟಿ ಅಲುಗಿತು. "ಹಾಗಾದ್ರೆ ಆರು" ಎಂದ. ತಲೆಯಾಡಿಸುತ್ತಾ ತನ್ನ ಟ್ರಕ್ಕಿನ ಕಡೆ ನಡೆದ.

ಟ್ರೂಡಿ ಒಳಗೆ ಹೋದಳು. ಬೀದಿಯ ದೀಪಗಳು ಹತ್ತಿಕೊಂಡವು. ಹೊತ್ತು ಮುಳುಗಿತೋ ಇಲ್ಲವೋ ಎಂದು ವೆಂಡೆಲ್ ಎರಡು ಸಲ ಪಶ್ಚಿಮಕ್ಕೆ ನೋಡಿದ. ಅಂಚೆ ಕಚೇರಿಯ ಬಾಗಿಲು ತೆರೆದಾಗ ಒಮ್ಮೆ ತಿರುಗಿದ. ಹೊರಗೆ ಬಂದ ಹೆಂಗಸು ಚಳಿಗೆ ತಲೆ ತಗ್ಗಿಸಿಕೊಂಡು ಕಾರಿಗೆ ಹತ್ತಿದಳು. ಕೊನೆಗೆ ಅವನು ಬಾವುಟವನ್ನು ತುದಿ ಮುಟ್ಟಿಸಿ, ಇಳಿಸಿ, ನೆಲಕ್ಕೆ ತಾಗದಂತೆ ತೋಳಿನ ಮೇಲೆ ಹಾಕಿಕೊಂಡು ತ್ರಿಕೋನವಾಗಿ ಮಡಿಚಿದ. ಇಬ್ಬರು ಮಡಿಚಬೇಕಾದ್ದು ಅದು. ಒಬ್ಬನೇ ಮಡಿಚಿದರೆ ಸ್ವಲ್ಪ ಸಡಿಲವಾಗುತ್ತದೆ.

ಮನೆಗೆ ಬಂದು ಅಡುಗೆಮನೆಯ ದೀಪ ಹಾಕಿದ. ಪೆಟ್ಟಿಗೆ ಬೆಳಿಗ್ಗೆ ಇಟ್ಟಲ್ಲೇ ಇತ್ತು.

"ಡೊರೀನ್ ಕೇಳಿದ್ಳು ನಿನ್ನ" ಎಂದ.

ಹೀಟರು ಗೋಡೆಯೊಳಗೆ ಉಸಿರಾಡುತ್ತಿತ್ತು. ಅವನು ಹಜಾರಕ್ಕೆ ಹೋಗಿ ಗುಂಡಿಯನ್ನು ತಿರುಗಿಸಿದ. ಮುಳ್ಳು ಎಪ್ಪತ್ತೆರಡರಿಂದ ಇಳಿದು ಅರವತ್ತೈದರಲ್ಲಿ ನಿಂತಿತು, ಉಸಿರು ಕಟ್ಟಿದಂತೆ ಹೀಟರು ನಿಂತುಹೋಯಿತು. ಆಮೇಲೆ ಕಪಾಟಿನ ತಳದಿಂದ ಕಾರ್ಡಿಗನ್ ಎಳೆದು, ಕೊಡವಿ, ತೊಟ್ಟುಕೊಂಡ. ಮೇಜಿನ ಮುಂದೆ ಕೂತು ಒಂದೊಂದೇ ಗುಂಡಿ ಹಾಕಿಕೊಂಡ.

ಅಳತೆ ಸರಿಯಾಗಿತ್ತು.