ಹರಕೆಯ ಅನ್ನ

"ಏಯ್ ಬಿಕನಾಸಿ ಮುಂಡೇದೆ! ಎಲೆ ಮುಂದೆ ಕೂತ್ಕೊ ಅಂದ್ರೆ ಕೋತಿ ಮೂತಿ ತಂದು ತೋರುಸ್ತೀಯೇನೇ ನಂಗೆ?"

ಮುತ್ತತ್ತಿಯ ಹೊಳೆದಂಡೆಯಲ್ಲಿ ಅನ್ನದ ಹಂಡೆ ಇಳಿಸಿಕೊಂಡು, ಸೌಟು ಹಿಡಿದು ನಿಂತಿದ್ದ ಕಂಟ್ರಾಕ್ಟರ್ ರಘುನಂದನ್ ಕೆಂಡವಾಗಿದ್ದ. ತಾಯಿಯ ಕಾಯಿಲೆ ವಾಸಿಯಾದರೆ ಭಿಕ್ಷೆ ಬೇಡುವ ಮಕ್ಕಳಿಗೆ ಕೈಯಾರೆ ಬಡಿಸುತ್ತೇನೆಂದು ಹರಕೆ ಹೊತ್ತಿದ್ದ. ತಾಯಿಯೇನೋ ಎದ್ದು ಕೂತಳು. ಮಂಡ್ಯದಿಂದ ಹಂಡೆ ಹೇರಿಕೊಂಡು ಬಂದರೆ ಇಲ್ಲಿ ಬೇಡುವ ಮಕ್ಕಳೇ ಇಲ್ಲ! ಎಂಥಾ ಗ್ರಹಚಾರ ನೋಡಿ. ಇದ್ದ ಮಕ್ಕಳೆಲ್ಲ ಮರದ ಕೆಳಗೆ ಗೋಣಿ ಹಾಸಿ ವ್ಯಾಪಾರಕ್ಕೆ ಕೂತಿದ್ದರು.

ಈಗ ಬೈಸಿಕೊಂಡ ಮಾದೇವಿಯೂ ಹೋದ ವರ್ಷದವರೆಗೆ ಕಾರುಗಳ ಹಿಂದೆ ಓಡಿ ಕೈಯೊಡ್ಡಿದವಳೇ. ಮಳವಳ್ಳಿಯಲ್ಲಿ ಗೊಂಬೆ ಮಾಡುವ ಮಹಮೂದಕ್ಕ ಬಂದು, ಆಲೆಮನೆಯ ಕಬ್ಬಿನ ಸಿಪ್ಪೆ ಬೇಯಿಸಿ, ಕುಟ್ಟಿ, ಅಂಟಿಗೆ ಅನ್ನದ ಗಂಜಿ ಕಲಸಿ, ಬೋರಲು ಮಡಕೆಯ ಮೇಲೆ ಮೆತ್ತಿ ಕೋತಿ ಮೊಗವಾಡ ಮಾಡುವುದನ್ನು ಈ ಮಕ್ಕಳಿಗೆಲ್ಲ ಕಲಿಸಿದಳು. ಅಂದಿನಿಂದ ಮಾದೇವಿ ಯಾರ ಮುಂದೆಯೂ ಅಂಗೈ ಬಿಡಿಸಿಲ್ಲ. ಹಾಗಂತ ಹಸಿವೇನು ಸತ್ತಿರಲಿಲ್ಲ. ಬೆಳಗಿನಿಂದ ಒಂದು ಮೊಗವಾಡವೂ ಹೋಗಿರಲಿಲ್ಲ. ಬಿಸಿ ಅನ್ನದ ಹಬೆಗೆ ಹಾಳಾದ ಹೊಟ್ಟೆ ಚುರುಗುಟ್ಟುತ್ತಿತ್ತು.

"ಒಂದು ತಗಳಿ ಸ್ವಾಮಿ. ನಾನೇ ಬಣ್ಣ ಬಳ್ದಿರೋದು. ಆ ದುಡ್ನಲ್ಲೇ ಉಣ್ತೀವಿ" ಎಂದಳು.

"ನಿನ್ ಜೊತೆ ಯಾಪಾರ ಮಾಡಕ್ ಬಂದಿದ್ದೀನೇನೇ? ಬೇಡು, ಆಕ್ತೀನಿ."

"ಬೇಡಾಕಿಲ್ಲ."

ಹರಕೆಗೆಂದು ಚಪ್ಪಲಿ ಬಿಟ್ಟಿದ್ದ ಕಾಲು ಗೋಣಿಯ ಮೇಲೆ ಬಂತು. ಒಂದು ಸಲವಲ್ಲ, ಸಿಟ್ಟು ಇಳಿಯುವವರೆಗೂ ಎಲ್ಲರ ಗೋಣಿಗಳನ್ನೂ ತುಳಿದ. ಮೊಗವಾಡಗಳ ಮೂಗು, ಕಿವಿ, ಗಲ್ಲ ಎಲ್ಲ ಚೂರು. ಮಕ್ಕಳು ಕಿರುಚಿಕೊಂಡರು.

"ಈಗೇನ್ ಮಾರೀಯೇ? ಕೂತ್ಕಳ್ರೋ ಸಾಲಾಗಿ!"

ಮಾದೇವಿಗೆ ಅಳು ಉಕ್ಕಿತು. ಅಳುವಿಗಿಂತ ಹೆಚ್ಚು ಸಿಟ್ಟು. ಒಡೆದ ಮೊಗವಾಡವನ್ನು ಮಡಿಲಿಗೆ ಹಾಕಿಕೊಂಡು ಹೋಗಿ ಎಲೆ ಮುಂದೆ ಕೂತಳು. ಉಳಿದವರೂ ತಮ್ಮ ತಮ್ಮ ಚೂರು ಆಯ್ದುಕೊಂಡು ಅವಳ ಪಕ್ಕ ಕೂತರು.

"ಅಂಗ್ ಬಾ ದಾರಿಗೆ." ರಘುನಂದನ್ ನಕ್ಕ. ವಿಡಿಯೊ ತೆಗೆಯಲು ಫೋನು ಹಿಡಿದು ನಿಂತಿದ್ದ ತನ್ನ ಭಾಮೈದನ ಕಡೆ ಮುಖ ಮಾಡಿ ಎಲೆಗಳಿಗೆಲ್ಲ ಸೌಟು ತುಂಬ ಅನ್ನ ಬಡಿಸಿದ. "ಉಣ್ರಿ. ನಮ್ಮವ್ವನ ಎಸ್ರು ಏಳ್ಕಂಡು ಉಣ್ರಿ."

ಮಾದೇವಿ ಅನ್ನಕ್ಕೆ ಕೈಯಿಟ್ಟಳು. ಬಾಯಿಗೆ ಒಯ್ಯಲಿಲ್ಲ. ಹಿಡಿಯಲ್ಲಿಟ್ಟು ಕಿವುಚಿದಳು, ಅಂಟು ಬರುವವರೆಗೂ ಕಿವುಚಿದಳು. ಮುರಿದ ಮೂಗಿಗೆ ಮೆತ್ತಿ ಒತ್ತಿ ಹಿಡಿದಳು. ಪಕ್ಕದವಳು ನೋಡಿದಳು, ತಾನೂ ಕಿವುಚಿದಳು. ಆಮೇಲೆ ಸಾಲಿನುದ್ದಕ್ಕೂ ಅದೇ ಕೆಲಸ. ಒಬ್ಬರೂ ಉಣ್ಣಲಿಲ್ಲ.

"ಲೇ ಲೇ, ಅನ್ನ ಕಣ್ರೇ ಅದು! ನನ್ ಅರಕೆ..." ರಘುನಂದನ್ ಸೌಟು ಹಿಡಿದುಕೊಂಡೇ ತಡವರಿಸಿದ.

ಮಾದೇವಿ ತಲೆಯೆತ್ತದೆ ಎಲೆಯನ್ನು ಅವನ ಕಾಲಿನತ್ತ ತಳ್ಳಿದಳು.

"ಇನ್ನೊಂಚೂರು ಆಕಿ. ನೀವ್ ಮುರ್ದಿರೋದು ಬಾಳ ಅದೆ."